ಪಠ್ಯದ ಫೈಲ್ ಬರುತ್ತದೆ, ಜಿಪ್ ಫೈಲ್ ಒಡೆಯುತ್ತದೆ: ಡಯಲ್‌ಅಪ್ ಮೋಡೆಮ್‌ನ ದೋಷವನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ಮಳೆಲೆಕ್ಕ

ಎಲ್ಲರಿಗೂ ನಮಸ್ಕಾರ.

ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮಳೆಯ ಪ್ರಮಾಣ, ಗಾಳಿಯ ತೇವಾಂಶ ಮತ್ತು ತೋಟದ ನಡುವೆ ಹರಿಯುವ ಹಳ್ಳದ ನೀರಿನ ಮಟ್ಟವನ್ನು ದಾಖಲಿಸುವ ವ್ಯವಸ್ಥೆಯೊಂದರ ಉಸ್ತುವಾರಿ ನನ್ನದು. ಸೆನ್ಸರುಗಳ ಕಾರ್ಡು ಐಎಸ್‌ಎ ಎಂಬ ಹಳೆಯ ಬಗೆಯ ಸ್ಲಾಟಿನದ್ದು. ಅದಕ್ಕೆ ಬದಲಿ ಸಿಗದ ಕಾರಣ ಅಲ್ಲಿ ಇಂದಿಗೂ ಡಾಸ್ ನಡೆಸುವ 486 ಕಂಪ್ಯೂಟರೇ ಕೆಲಸ ಮಾಡುತ್ತಿದೆ. ದಾಖಲೆಯ ಪ್ರೋಗ್ರಾಮು ಟಿಎಸ್‌ಆರ್ ಆಗಿ ಹಿನ್ನೆಲೆಯಲ್ಲಿ ನಡೆಯುತ್ತದೆ. ಮುಂದೆ ಟೆಲಿಕ್ಸ್ ತಂತ್ರಾಂಶ ಹೋಸ್ಟ್ ಮೋಡ್‌ನಲ್ಲಿ ಕರೆಗಾಗಿ ಕಾಯುತ್ತಿರುತ್ತದೆ. ಸೀರಿಯಲ್ ಪೋರ್ಟಿಗೆ 33.6 ಕೆ (ಸೆಕೆಂಡಿಗೆ 33600 ಬಿಟ್) ವೇಗದ ಹೊರಮೋಡೆಮ್ ಜೋಡಿಸಿದೆ ಮತ್ತು ಪೋರ್ಟಿನ ವೇಗವನ್ನು 38400ಕ್ಕೆ ಇಡಲಾಗಿದೆ. ನಾನು ಬೆಂಗಳೂರಿನಿಂದ, ತಾಮ್ರದ ತಂತಿಯ ಸಾಮಾನ್ಯ ದೂರವಾಣಿಯಲ್ಲಿ, ಲಿನಕ್ಸ್ ಕಂಪ್ಯೂಟರಿನ ಮಿನಿಕಾಮ್ ತಂತ್ರಾಂಶದ ಮೂಲಕ ಕರೆ ಮಾಡಿ ಝಡ್‌ಮೋಡೆಮ್ ವಿಧಾನದಲ್ಲಿ ಫೈಲ್‌ಗಳನ್ನು ಇಳಿಸಿಕೊಳ್ಳುತ್ತೇನೆ.

ಎಸ್ಟೇಟಿನ ತಾಮ್ರದ ತಂತಿಯನ್ನು ತೆಗೆದು ಫೈಬರ್ ಸಂಪರ್ಕ ಕೊಟ್ಟ ಮೇಲೆ ಈ ವ್ಯವಸ್ಥೆ ಕೆಟ್ಟಿದೆ. ಮೊದಲು ಎಕ್ಸ್‌ಚೇಂಜು ಹತ್ತಿರವಿದ್ದುದರಿಂದ ಸಾಮಾನ್ಯವಾಗಿ 33600ರಲ್ಲೇ ಸಂಪರ್ಕ ಸಿಗುತ್ತಿತ್ತು, ವರ್ಷಗಟ್ಟಲೆ ಯಾವ ತೊಂದರೆಯೂ ಇರಲಿಲ್ಲ. ಈಗ 24000 ಅಥವಾ 21600ರಲ್ಲಿ ಸಿಗುತ್ತದೆ. ಪಠ್ಯದ ಫೈಲ್‌ಗಳು ಬರುತ್ತವೆ. ಆದರೆ ಅವನ್ನೇ ಜಿಪ್ ಮಾಡಿ ತರಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಸಿಆರ್‌ಸಿ (ಬಂದ ಮಾಹಿತಿ ಸರಿಯಿದೆಯೇ ಎಂದು ತಾಳೆನೋಡುವ ಸಂಖ್ಯೆ) ದೋಷಗಳ ಸಾಲು ಆರಂಭವಾಗಿ, ಹಿಂದೆ ಹೋಗಿ ಮುಂದೆ ಬಂದು, ಕೊನೆಗೆ ವರ್ಗಾವಣೆಯೇ ನಿಂತುಹೋಗುತ್ತದೆ. ಅದೇ ಜಿಪ್ ಫೈಲ್ ಎಕ್ಸ್‌ಮೋಡೆಮ್ ಎಂಬ ಹಳೆಯ ವಿಧಾನದಲ್ಲಿ ಮಾತ್ರ ಬಹಳ ನಿಧಾನವಾಗಿ, ಆದರೆ ಸರಿಯಾಗಿ ಬರುತ್ತದೆ. ಇದಲ್ಲದೆ, ಇಡೀ ಮಳೆಗಾಲದ ದೊಡ್ಡ ಪಠ್ಯ ಫೈಲ್ ತರಿಸುವಾಗ ಆರೇಳು ನಿಮಿಷಕ್ಕೊಮ್ಮೆ ಎಲ್ಲವೂ ಕೆಲವು ಸೆಕೆಂಡು ಸ್ತಬ್ಧವಾಗುತ್ತದೆ. ಕೆಲವೊಮ್ಮೆ ಮತ್ತೆ ಚಲಿಸುತ್ತದೆ, ಕೆಲವೊಮ್ಮೆ ಕರೆಯೇ ಕಡಿದುಹೋಗುತ್ತದೆ.

ಫೈಬರ್ ಲೈನಿನಲ್ಲಿ ಮೋಡೆಮ್ ಕೆಲಸ ಮಾಡುವುದೇ ಇಲ್ಲವೆಂದು ಸ್ಥಳೀಯ ತಂತ್ರಜ್ಞರು ಹೇಳುತ್ತಾರೆ. ಹಾಗಿದ್ದರೆ ಪಠ್ಯದ ಫೈಲ್ ಏಕೆ ಬರುತ್ತದೆ ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಮುಂಗಾರು ಹತ್ತಿರ ಬಂದಿದೆ. ಅಷ್ಟರೊಳಗೆ ಇದನ್ನು ಸರಿಪಡಿಸಿಕೊಳ್ಳಬೇಕಾಗಿದೆ. ದಯವಿಟ್ಟು ದಾರಿ ತೋರಿಸಿ.

ಉತ್ತರ: ತಂತಿಮನೆ

ಮಳೆಲೆಕ್ಕ ಅವರೇ, ನೀವು ಲಕ್ಷಣಗಳನ್ನು ಬಹಳ ಎಚ್ಚರದಿಂದ ಬರೆದಿದ್ದೀರಿ. ಅದರಿಂದಲೇ ದೋಷ ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಇಲ್ಲಿ ಕುಳಿತೇ ಹೇಳಬಹುದು. ನನ್ನ ಅಭಿಪ್ರಾಯದಲ್ಲಿ ನಿಮ್ಮ ಬಳಿ ಇರುವುದು ಒಂದು ದೋಷವಲ್ಲ, ಎರಡು. ಜಿಪ್ ಫೈಲ್‌ನ ಸಿಆರ್‌ಸಿ ದೋಷ ಬೇರೆ, ಆರೇಳು ನಿಮಿಷಕ್ಕೊಮ್ಮೆ ಆಗುವ ಸ್ತಬ್ಧತೆ ಬೇರೆ. ಇವೆರಡನ್ನೂ ಒಂದೇ ಎಂದು ಭಾವಿಸಿ ಹುಡುಕಹೊರಟರೆ ಯಾವುದೂ ಸಿಗುವುದಿಲ್ಲ.

ಫೈಲ್ ಸಾಗುವ ದಾರಿಯನ್ನು ಮೂರು ತುಂಡುಗಳಾಗಿ ನೋಡಿ: ಡಾಸ್ ಕಂಪ್ಯೂಟರಿನಿಂದ ಅದರ ಮೋಡೆಮ್‌ವರೆಗಿನ ಸೀರಿಯಲ್ ಕೇಬಲ್, ಮೋಡೆಮ್‌ನಿಂದ ಮೋಡೆಮ್‌ಗೆ ಇರುವ ದೂರವಾಣಿ ದಾರಿ, ನಿಮ್ಮ ಮೋಡೆಮ್‌ನಿಂದ ಲಿನಕ್ಸ್ ಕಂಪ್ಯೂಟರಿಗೆ ಇರುವ ಇನ್ನೊಂದು ಕೇಬಲ್. ನಡುವಿನ ತುಂಡಿನಲ್ಲಿ ವಿ.42 ದೋಷತಿದ್ದುವಿಕೆ ಕೆಲಸ ಮಾಡುತ್ತಿದ್ದರೆ, ಕಳುಹಿಸುವ ಮೋಡೆಮ್ ಬೈಟ್‌ಗಳನ್ನು ಚೌಕಟ್ಟುಗಳಾಗಿ ಕಟ್ಟಿ, ಪ್ರತಿ ಚೌಕಟ್ಟಿಗೂ ತಾಳೆಸಂಖ್ಯೆ ಸೇರಿಸಿ ಕಳುಹಿಸುತ್ತದೆ. ಪಡೆಯುವ ಮೋಡೆಮ್ ತಾಳೆಯಾಗದ ಚೌಕಟ್ಟನ್ನು ಮತ್ತೆ ಕೇಳಿ ಪಡೆಯುತ್ತದೆ. ಆದ್ದರಿಂದ ಲೈನಿನಲ್ಲಿ ಎಷ್ಟೇ ಗದ್ದಲವಿದ್ದರೂ ಆಚೆಯ ಮೋಡೆಮ್‌ಗೆ ಹೋದ ಬೈಟ್‌ಗಳೇ ಈಚೆಯ ಮೋಡೆಮ್‌ನಿಂದ ಹೊರಬರುತ್ತವೆ. ಲೈನಿನ ದೋಷ ವಿಳಂಬವಾಗಿ, ವೇಗದ ಇಳಿಕೆಯಾಗಿ, ಕೊನೆಗೆ ಕರೆ ಕಡಿತವಾಗಿ ಕಾಣಿಸಿಕೊಳ್ಳಬಹುದು. ತಪ್ಪು ಬೈಟ್ ಆಗಿ ಕಾಣಿಸಿಕೊಳ್ಳುವುದಿಲ್ಲ. ಹೀಗಿರುವಾಗ ಝಡ್‌ಮೋಡೆಮ್ ಸಿಆರ್‌ಸಿ ದೋಷ ತೋರಿಸಿದರೆ, ಬೈಟ್‌ಗಳು ಕಳೆದದ್ದು ಎರಡು ಸೀರಿಯಲ್ ತುದಿಗಳಲ್ಲಿ ಒಂದರಲ್ಲಿ ಎಂದೇ ಅರ್ಥ.

ಆದ್ದರಿಂದ ಮೊದಲು ವಿ.42 ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಕನೆಕ್ಟ್ ಎಂಬ ಸಂದೇಶದ ಜೊತೆಗೆ ಎಲ್‌ಎಪಿಎಂ (ವಿ.42ರ ವಿಧಾನದ ಹೆಸರು) ಅಥವಾ ವಿ.42 ಎಂದು ಬರುತ್ತದೆಯೇ ನೋಡಿ. ರಾಕ್‌ವೆಲ್ ಚಿಪ್ಪಿನ ಮೋಡೆಮ್‌ಗಳಲ್ಲಿ ಎಟಿಡಬ್ಲ್ಯೂ1 ಎಂಬ ಆಜ್ಞೆ ಕೊಟ್ಟರೆ ಲೈನಿನ ವೇಗ, ದೋಷತಿದ್ದುವಿಕೆಯ ವಿಧಾನ ಮತ್ತು ಪೋರ್ಟಿನ ವೇಗ ಮೂರನ್ನೂ ಬೇರೆಬೇರೆಯಾಗಿ ಹೇಳುತ್ತದೆ. ಇದನ್ನು ಕೊಡದಿದ್ದರೆ ಎಷ್ಟೋ ಮೋಡೆಮ್‌ಗಳು ಪೋರ್ಟಿನ ವೇಗವನ್ನೇ ತೋರಿಸುತ್ತವೆ; ಅದನ್ನು ಲೈನಿನ ವೇಗವೆಂದು ತಿಳಿದು ಮೋಸಹೋದವರು ಬಹಳ ಜನ.

ಈಗ ಲೆಕ್ಕಕ್ಕೆ ಬನ್ನಿ. ಸೀರಿಯಲ್ ಪೋರ್ಟಿನಲ್ಲಿ ಒಂದು ಬೈಟ್ ಸಾಗಲು ಆರಂಭದ ಮತ್ತು ಅಂತ್ಯದ ಬಿಟ್ ಸೇರಿ 10 ಬಿಟ್ ಬೇಕು, ಹಾಗಾಗಿ 38400ರಲ್ಲಿ ಸೆಕೆಂಡಿಗೆ 3840 ಬೈಟ್. ವಿ.42 ಇರುವ ಲೈನಿನಲ್ಲಿ ಆ ಎರಡು ಹೆಚ್ಚುವರಿ ಬಿಟ್‌ಗಳನ್ನು ಕಳಚಿ 8 ಬಿಟ್‌ಗಳನ್ನೇ ಕಳುಹಿಸುವುದರಿಂದ 33600ರಲ್ಲಿ ಸೆಕೆಂಡಿಗೆ 4200 ಬೈಟ್. ಚೌಕಟ್ಟಿನ ಖರ್ಚು ಕಳೆದರೂ 4000ದಷ್ಟು. ಅಂದರೆ ತಾಮ್ರದ ತಂತಿಯ ಕಾಲದಲ್ಲಿ ಕಂಪ್ಯೂಟರ್ ಸುರಿಯುವುದಕ್ಕಿಂತ ಬೇಗ ಲೈನ್ ಹೊತ್ತೊಯ್ಯುತ್ತಿತ್ತು. ಈಗಿನ 24000ದ ಲೈನ್ ಸೆಕೆಂಡಿಗೆ 3000 ಬೈಟ್ ಮಾತ್ರ ಒಯ್ಯಬಲ್ಲದು. ಉಳಿದ 840 ಬೈಟ್ ಪ್ರತಿ ಸೆಕೆಂಡೂ ಮೋಡೆಮ್‌ನೊಳಗಿನ ಬಫರಿನಲ್ಲಿ ಶೇಖರವಾಗುತ್ತದೆ. ಬಫರ್ ಇರುವುದು ಕೆಲವು ಕಿಲೋಬೈಟ್‌ನಷ್ಟು. ಒಳಹರಿವು ಹೊರಹರಿವಿಗಿಂತ ಹೆಚ್ಚಿರುವ ತೊಟ್ಟಿಯಂತೆ ಅದು ಕೆಲವೇ ಸೆಕೆಂಡುಗಳಲ್ಲಿ ತುಂಬಿ ಉಕ್ಕುತ್ತದೆ. ಹಾಗಾಗದಂತೆ ಮೋಡೆಮ್ ಸಿಟಿಎಸ್ ತಂತಿಯ ಮೂಲಕ ಕಂಪ್ಯೂಟರಿಗೆ ನಿಲ್ಲು ಎನ್ನಬೇಕು, ಕಂಪ್ಯೂಟರ್ ಅದನ್ನು ಕೇಳಬೇಕು. ನಿಮ್ಮ ಡಾಸ್ ತುದಿಯಲ್ಲಿ ಈ ಫ್ಲೋ ಕಂಟ್ರೋಲ್ ಕೆಲಸ ಮಾಡುತ್ತಿಲ್ಲ. ಮೊದಲೂ ಮಾಡುತ್ತಿರಲಿಲ್ಲ, ಆದರೆ ಆಗ ಅದರ ಅಗತ್ಯವೇ ಬೀಳುತ್ತಿರಲಿಲ್ಲ.

ಪಠ್ಯದ ಫೈಲ್ ಏಕೆ ಬರುತ್ತದೆ ಎಂಬ ನಿಮ್ಮ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಮೋಡೆಮ್‌ಗಳೊಳಗಿನ ವಿ.42ಬಿಸ್ ಸಂಕೋಚನ ಅಂಕಿಗಳ ಪಠ್ಯವನ್ನು ಸುಲಭವಾಗಿ ಅರ್ಧಕ್ಕಿಂತ ಕಡಿಮೆ ಮಾಡುತ್ತದೆ. ಆಗ 3000 ಬೈಟ್ ಒಯ್ಯುವ ಲೈನ್ ನಿಜವಾಗಿ 6000ಕ್ಕಿಂತ ಹೆಚ್ಚು ಬೈಟ್‌ಗಳ ಪಠ್ಯವನ್ನು ಸಾಗಿಸಬಲ್ಲದು, 3840 ಅದಕ್ಕೆ ಲೆಕ್ಕಕ್ಕಿಲ್ಲ, ಬಫರ್ ತುಂಬುವುದೇ ಇಲ್ಲ. ಜಿಪ್ ಫೈಲ್ ಆಗಲೇ ಸಂಕುಚಿತವಾಗಿರುವುದರಿಂದ ಮೋಡೆಮ್‌ಗೆ ಹಿಂಡಲು ಏನೂ ಉಳಿದಿರುವುದಿಲ್ಲ. ಎಕ್ಸ್‌ಮೋಡೆಮ್‌ನಲ್ಲಿ ಅದೇ ಜಿಪ್ ಬಂದದ್ದು ನನ್ನ ಊಹೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ: ಅದು 128 ಬೈಟ್ ಕಳುಹಿಸಿ, ಒಪ್ಪಿಗೆ ಬರುವವರೆಗೆ ಕಾಯುತ್ತದೆ, 128 ಬೈಟ್‌ನಿಂದ ಯಾವ ಬಫರೂ ಉಕ್ಕುವುದಿಲ್ಲ.

ಜಿಪ್ ಒಡೆದು ಪಠ್ಯ ಬರುತ್ತಿದೆ ಎಂದರೆ ಅನೇಕರು ಪೋರ್ಟ್ 7 ಬಿಟ್‌ಗೆ ಇದೆ ಎನ್ನುತ್ತಾರೆ, ಅಥವಾ ಮುಂದುವರಿ, ನಿಲ್ಲು ಎನ್ನುವ ಎಕ್ಸ್‌ಆನ್-ಎಕ್ಸ್‌ಆಫ್ ಅಕ್ಷರಗಳು ಫೈಲ್‌ನೊಳಗಿನ ಬೈಟ್‌ಗಳೊಂದಿಗೆ ಗೊಂದಲವಾಗುತ್ತಿವೆ ಎನ್ನುತ್ತಾರೆ. ಎರಡೂ ಒಳ್ಳೆಯ ಅನುಮಾನಗಳೇ. ಆದರೆ ಅವೆರಡೂ ನಿಜವಾಗಿದ್ದರೆ ಎಕ್ಸ್‌ಮೋಡೆಮ್ ಮೊದಲು ಸೋಲಬೇಕಿತ್ತು, ಏಕೆಂದರೆ ಅದು ಆ ಅಕ್ಷರಗಳನ್ನು ಮರೆಮಾಚದೆ ಹಾಗೆಯೇ ಕಳುಹಿಸುತ್ತದೆ. ಝಡ್‌ಮೋಡೆಮ್ ಅವನ್ನು ಬೇರೆ ರೂಪಕ್ಕೆ ತಿರುಗಿಸಿಯೇ ಕಳುಹಿಸುತ್ತದೆ. ಲಿನಕ್ಸ್ ತುದಿಯಲ್ಲಿ ಬೈಟ್ ಕಳೆಯುವ ಸಾಧ್ಯತೆಯೂ ಇದೆ. ಆದರೆ ಅಲ್ಲಿ ಕಳೆಯುತ್ತಿದ್ದರೆ ಪಠ್ಯದ ಫೈಲೂ ಒಡೆಯಬೇಕಿತ್ತು, ಏಕೆಂದರೆ ಬಿಚ್ಚಿದ ಪಠ್ಯ ಜಿಪ್‌ಗಿಂತ ಹೆಚ್ಚು ವೇಗವಾಗಿ ಆ ಪೋರ್ಟಿಗೆ ಬರುತ್ತದೆ.

ಪರೀಕ್ಷೆ ಸುಲಭ. ಎಸ್ಟೇಟಿನ ರೈಟರ್ ಅವರಿಗೆ ಫೋನಿನಲ್ಲಿ ಹೇಳಿ ಟೆಲಿಕ್ಸ್‌ನ ಪೋರ್ಟ್ ವೇಗವನ್ನು 19200ಕ್ಕೆ ಇಳಿಸಿ, ಮೋಡೆಮ್‌ಗೆ ಆರಂಭದ ಆಜ್ಞೆಯನ್ನು ಮತ್ತೊಮ್ಮೆ ಕಳುಹಿಸಲು ಹೇಳಿ. ಮೋಡೆಮ್ ಕೊನೆಯ ಎಟಿ ಆಜ್ಞೆ ಬಂದ ವೇಗವನ್ನೇ ಹಿಡಿಯುವುದರಿಂದ ಈ ಎರಡನೆಯ ಹೆಜ್ಜೆಯನ್ನು ಬಿಡುವಂತಿಲ್ಲ. 19200ರಲ್ಲಿ ಸೆಕೆಂಡಿಗೆ 1920 ಬೈಟ್ ಮಾತ್ರ ಬರುತ್ತದೆ, ಲೈನ್ ಅದಕ್ಕಿಂತ ವೇಗವಾಗಿದೆ. ಈಗ ಜಿಪ್ ಫೈಲ್ ಒಂದೂ ದೋಷವಿಲ್ಲದೆ ಬಂದರೆ ವಿಷಯ ಇತ್ಯರ್ಥವಾಯಿತು.

ಶಾಶ್ವತ ಪರಿಹಾರಕ್ಕೆ ಕೇಬಲ್ ಬಿಚ್ಚಿ ನೋಡಬೇಕು. ಕಂಪ್ಯೂಟರಿನ 9 ಪಿನ್ ತುದಿಯ 7ನೆಯದು ಆರ್‌ಟಿಎಸ್ (ಕಂಪ್ಯೂಟರ್ ಮೋಡೆಮ್‌ಗೆ ನಿಲ್ಲು ಎನ್ನುವ ತಂತಿ), 8ನೆಯದು ಸಿಟಿಎಸ್. ಮೋಡೆಮ್‌ನ 25 ಪಿನ್ ತುದಿಯಲ್ಲಿ ಅವು ಕ್ರಮವಾಗಿ 4 ಮತ್ತು 5. ಮಲ್ಟಿಮೀಟರಿನಲ್ಲಿ ಈ ಎರಡು ತಂತಿಗಳ ನಿರಂತರತೆ ನೋಡಿಸಿ. ಅನಂತರ ಮೋಡೆಮ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ತೆರೆಯಿರಿ; ರಾಕ್‌ವೆಲ್ ಬಗೆಯಲ್ಲಿ ಎಟಿ&ಕೆ3, ಯುಎಸ್ ರೊಬಾಟಿಕ್ಸ್ ಬಗೆಯಲ್ಲಿ ಎಟಿ&ಎಚ್1&ಆರ್2. ಟೆಲಿಕ್ಸ್‌ನಲ್ಲೂ ಮಿನಿಕಾಮ್‌ನಲ್ಲೂ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಹೌದು, ಸಾಫ್ಟ್‌ವೇರ್ ಫ್ಲೋ ಕಂಟ್ರೋಲ್ ಇಲ್ಲ ಎಂದಿರಲಿ. ತಂತಿ, ಮೋಡೆಮ್, ತಂತ್ರಾಂಶ ಈ ಮೂರೂ ಒಪ್ಪಿದಾಗ ಮಾತ್ರ ಅದು ಕೆಲಸ ಮಾಡುತ್ತದೆ.

ಸ್ತಬ್ಧತೆಯ ವಿಚಾರ ಲೈನಿನದ್ದು. ಅದನ್ನು ಬಲ್ಲವರು ಇಲ್ಲಿದ್ದಾರೆ, ಅವರಿಗೇ ಬಿಡುತ್ತೇನೆ.

ಉತ್ತರ: ಡಾಸ್‌ಪ್ರಿಯ

ತಂತಿಮನೆ ಅವರ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. ಎಕ್ಸ್‌ಮೋಡೆಮ್ ಸರಿಯಾಗಿ ತರುತ್ತದೆ ಎಂದು ಅದಕ್ಕೇ ಅಂಟಿಕೊಳ್ಳಬೇಡಿ. ವಾರ್ಡ್ ಕ್ರಿಸ್ಟೆನ್‌ಸೆನ್ ಅದನ್ನು 1977ರಲ್ಲಿ ರೂಪಿಸಿದಾಗ ಮೋಡೆಮ್‌ಗಳ ವೇಗ 300 ಬಿಟ್. ಆ ವೇಗದಲ್ಲಿ ಒಪ್ಪಿಗೆಗಾಗಿ ಕಾಯುವ ಸಮಯ ಗಮನಕ್ಕೇ ಬರುತ್ತಿರಲಿಲ್ಲ. ನಿಮ್ಮ ಲೈನಿನಲ್ಲಿ, ಕ್ರಮಸಂಖ್ಯೆ ಮತ್ತು ತಾಳೆಸಂಖ್ಯೆ ಸೇರಿ 132 ಬೈಟ್‌ಗಳ ಒಂದು ಕಂತು 44 ಮಿಲಿಸೆಕೆಂಡಿನಲ್ಲಿ ಹೋಗುತ್ತದೆ, ಆದರೆ ಎರಡು ಮೋಡೆಮ್‌ಗಳ ಬಫರುಗಳನ್ನೂ ಫೈಬರಿನ ಮೇಲೆ ಧ್ವನಿ ಸಾಗಿಸುವ ಪೆಟ್ಟಿಗೆಯನ್ನೂ ದಾಟಿ ಒಪ್ಪಿಗೆ ಮರಳಲು 300 ಮಿಲಿಸೆಕೆಂಡ್ ಹಿಡಿಯಿತೆಂದುಕೊಂಡರೆ, ಕೈಗೆ ಸಿಗುವುದು ಸೆಕೆಂಡಿಗೆ ಸುಮಾರು 370 ಬೈಟ್. 300 ಕಿಲೋಬೈಟ್ ಫೈಲ್‌ಗೆ ಹದಿನಾಲ್ಕು ನಿಮಿಷ ಬೇಕು. ಅಲ್ಲದೆ ಕೊನೆಯ ಕಂತು 128 ಬೈಟ್‌ಗೆ ತುಂಬದಿದ್ದರೆ ಎಕ್ಸ್‌ಮೋಡೆಮ್ ಬಾಕಿ ಜಾಗವನ್ನು ಭರ್ತಿಯ ಅಕ್ಷರದಿಂದ ತುಂಬುತ್ತದೆ. ಜಿಪ್ ಇದನ್ನು ಸಹಿಸಿಕೊಳ್ಳಬಹುದು, ನಿಗದಿತ ಅಳತೆಯ ದಾಖಲೆಗಳಿರುವ ನಿಮ್ಮ ಮೂಲ ದತ್ತಾಂಶದ ಫೈಲ್‌ಗಳ ಕೊನೆಯಲ್ಲಿ ಅದು ಕಸವಾಗಿ ಉಳಿಯುತ್ತದೆ.

ಚಕ್ ಫೋರ್ಸ್‌ಬರ್ಗ್ 1986ರಲ್ಲಿ ರಚಿಸಿದ ಝಡ್‌ಮೋಡೆಮ್ ಒಪ್ಪಿಗೆಗಾಗಿ ನಿಲ್ಲದೆ ಹರಿಯುತ್ತದೆ, ಫೈಲ್‌ನ ನಿಖರ ಅಳತೆಯನ್ನು ಉಳಿಸುತ್ತದೆ, ಕಡಿದಲ್ಲಿಂದ ಮುಂದುವರಿಸುತ್ತದೆ. ದೂರದ ಲೈನಿಗೆ ಅದೇ ಸರಿ. ಕೇಬಲ್ ಸರಿಪಡಿಸಿ ಅದನ್ನೇ ಬಳಸಿ.

ಮಳೆಲೆಕ್ಕ

ತಂತಿಮನೆ ಅವರಿಗೆ ಹೃತ್ಪೂರ್ವಕ ಧನ್ಯವಾದಗಳು. ವೇಗವನ್ನು 19200ಕ್ಕೆ ಇಳಿಸಿದ ಕೂಡಲೇ ಜಿಪ್ ಫೈಲ್ ಒಂದೇ ಒಂದು ಸಿಆರ್‌ಸಿ ದೋಷವಿಲ್ಲದೆ ಬಂದಿತು. ಕೇಬಲ್ ಬಿಚ್ಚಿಸಿ ನೋಡಿದಾಗ ಅದು ಅಂಗಡಿಯದ್ದಲ್ಲ, ಯಾರೋ ಕೈಯಲ್ಲಿ ಬೆಸುಗೆ ಹಾಕಿ ಮಾಡಿದ್ದು ಎಂದು ತಿಳಿಯಿತು. ಅದರಲ್ಲಿ ಐದೇ ತಂತಿಗಳಿದ್ದವು: ಮಾಹಿತಿಯ ಎರಡು, ಗ್ರೌಂಡ್, ಕ್ಯಾರಿಯರ್ (ಆಚೆಯ ಮೋಡೆಮ್‌ನ ವಾಹಕ ಸ್ವರ) ಪತ್ತೆ ಮತ್ತು ಕಂಪ್ಯೂಟರ್ ಸಿದ್ಧವೆಂದು ಹೇಳುವ ಡಿಟಿಆರ್. ಆರ್‌ಟಿಎಸ್, ಸಿಟಿಎಸ್ ಎರಡೂ ಇರಲಿಲ್ಲ. ಅದಕ್ಕೆ ಹೊಂದುವಂತೆ ಟೆಲಿಕ್ಸ್‌ನಲ್ಲೂ ಫ್ಲೋ ಕಂಟ್ರೋಲ್ ಮುಚ್ಚಲಾಗಿತ್ತು. ಈಗ ಎಲ್ಲ ತಂತಿಗಳಿರುವ ಕೇಬಲ್ ಹಾಕಿಸಿ, ಮೂರೂ ಕಡೆ ಫ್ಲೋ ಕಂಟ್ರೋಲ್ ತೆರೆದು, ವೇಗವನ್ನು ಮತ್ತೆ 38400ಕ್ಕೆ ಏರಿಸಿದ್ದೇವೆ. ಜಿಪ್ ಫೈಲ್‌ಗಳು ಸೊಗಸಾಗಿ ಬರುತ್ತಿವೆ.

ಆರೇಳು ನಿಮಿಷಕ್ಕೊಮ್ಮೆ ಆಗುವ ಸ್ತಬ್ಧತೆ ಮಾತ್ರ ಹಾಗೆಯೇ ಇದೆ. ಕರೆ ಮುಗಿದ ಮೇಲೆ ಮೋಡೆಮ್‌ನ ವರದಿ ತೆಗೆದು ನೋಡಿದರೆ ಮರುತರಬೇತಿ, ಅಂದರೆ ರೀಟ್ರೈನ್, ನಡೆದದ್ದು ದಾಖಲಾಗಿದೆ. ಫೈಬರ್ ಪೆಟ್ಟಿಗೆಯಲ್ಲಿ ದೂರವಾಣಿಯ ಕಿಂಡಿ ಇಲ್ಲ. ಅದಕ್ಕೆ ಜೋಡಿಸಿದ ಪ್ರತ್ಯೇಕ ಧ್ವನಿ ಅಡಾಪ್ಟರಿನಿಂದ ಮೋಡೆಮ್‌ಗೆ ತಂತಿ ಬರುತ್ತದೆ.

ಉತ್ತರ: ಸ್ವರಪಥ

ಪ್ರತ್ಯೇಕ ಅಡಾಪ್ಟರ್ ಎಂಬ ಈ ಒಂದು ವಿವರಕ್ಕಾಗಿಯೇ ಕಾಯುತ್ತಿದ್ದೆ. ಸ್ತಬ್ಧತೆ ಹೆಚ್ಚುಕಡಿಮೆ ಸಮಾನ ಅಂತರದಲ್ಲಿ ಬರುತ್ತಿದೆ ಎಂಬುದು ಇಲ್ಲಿ ಬಹಳ ಮುಖ್ಯ. ಜಾಲದ ದಟ್ಟಣೆಯಿಂದ ಪ್ಯಾಕೆಟ್‌ಗಳು ಕಳೆಯುತ್ತಿದ್ದರೆ ಅದಕ್ಕೆ ಹೊತ್ತುಗೊತ್ತು ಇರುತ್ತಿರಲಿಲ್ಲ.

ಅಡಾಪ್ಟರ್ ಮೋಡೆಮ್‌ನ ಸ್ವರವನ್ನು ಸೆಕೆಂಡಿಗೆ 8000 ಮಾದರಿಗಳಾಗಿ ಅಳೆದು, ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದರಂತೆ, 160 ಮಾದರಿಗಳ ಪ್ಯಾಕೆಟ್ ಮಾಡಿ ಕಳುಹಿಸುತ್ತದೆ. ಈ 8000 ಎಂಬುದನ್ನು ಅಡಾಪ್ಟರ್ ತನ್ನೊಳಗಿನ ಹರಳಿನಿಂದ ಎಣಿಸುತ್ತದೆ. ಆಚೆ ತುದಿಯ ದೂರವಾಣಿ ಜಾಲ ತನ್ನ ಗಡಿಯಾರದಿಂದ ಎಣಿಸುತ್ತದೆ. ಎರಡರ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ, ಅಗ್ಗದ ಹರಳುಗಳಲ್ಲಿ ಇದು ಅಪರೂಪವಲ್ಲ, ಸೆಕೆಂಡಿಗೆ 0.4 ಮಾದರಿ ಹೆಚ್ಚೋ ಕಡಿಮೆಯೋ ಆಗುತ್ತದೆ. 400 ಸೆಕೆಂಡಿನಲ್ಲಿ ಅದು 160 ಮಾದರಿ, ಅಂದರೆ ಸರಿಯಾಗಿ ಒಂದು ಪ್ಯಾಕೆಟ್. ಆಗ ಪಡೆಯುವ ಕಡೆಯ ಬಫರ್ ಒಂದು ಪ್ಯಾಕೆಟನ್ನು ಬಿಸಾಡಬೇಕು ಅಥವಾ ಇಲ್ಲದ ಒಂದನ್ನು ಸೃಷ್ಟಿಸಬೇಕು. 400 ಸೆಕೆಂಡ್ ಎಂದರೆ ಆರೂಮುಕ್ಕಾಲು ನಿಮಿಷಕ್ಕೆ ತುಸು ಕಡಿಮೆ. ನೀವು ಹೇಳುವ ಆರೇಳು ನಿಮಿಷದೊಳಗೇ ಇದು ಬೀಳುತ್ತದೆ. ಮಾತನಾಡುವವರಿಗೆ 20 ಮಿಲಿಸೆಕೆಂಡಿನ ನೆಗೆತ ಕಿವಿಗೂ ಬೀಳುವುದಿಲ್ಲ. ಮೋಡೆಮ್‌ಗೆ ಹಾಗಲ್ಲ, ಅದರ ಸಂಕೇತದ ಹಂತ ಒಮ್ಮೆಲೇ ಜಿಗಿದು, ಇಬ್ಬರ ತಾಳವೂ ತಪ್ಪಿ, ಮತ್ತೆ ಮೊದಲಿನಿಂದ ಲೈನನ್ನು ಅಳೆದುಕೊಳ್ಳಬೇಕಾಗುತ್ತದೆ. ನೀವು ಕಂಡ ಸ್ತಬ್ಧತೆ ಆ ಮರುತರಬೇತಿಯ ಸಮಯ.

ಇನ್ನೂ ಒಂದು ವಿಚಾರವಿದೆ. ವಿ.34 (33600ರವರೆಗಿನ ವೇಗದ ವಿಧಾನ) ಮೋಡೆಮ್ ಎರಡೂ ದಿಕ್ಕಿನಲ್ಲಿ ಒಂದೇ ಆವರ್ತನದ ಪಟ್ಟಿಯನ್ನು ಬಳಸುವುದರಿಂದ ತನ್ನದೇ ಪ್ರತಿಧ್ವನಿಯನ್ನು ತಾನೇ ಕಳೆದುಹಾಕಬೇಕು. ದೂರದ ಪ್ರತಿಧ್ವನಿ ಎಷ್ಟು ತಡವಾಗಿ ಬರುತ್ತದೆ ಎಂಬುದನ್ನು ಅದು ಕರೆಯ ಆರಂಭದಲ್ಲೇ ಅಳೆದಿಟ್ಟುಕೊಂಡಿರುತ್ತದೆ. ತಡವಾಗಿಯೋ ಬೇಗವೋ ಬರುವ ಪ್ಯಾಕೆಟ್‌ಗಳನ್ನು ಸರಿದೂಗಿಸುವ ಅಡಾಪ್ಟರಿನ ಜಿಟ್ಟರ್ ಬಫರ್ ಜಾಲದ ಸ್ಥಿತಿ ನೋಡಿ ತನ್ನ ಉದ್ದವನ್ನು ಬದಲಿಸುತ್ತಾ ಹೋದರೆ ಆ ಅಳತೆ ಸುಳ್ಳಾಗುತ್ತದೆ. ಆದ್ದರಿಂದ ಮಾತಿಗೆ ಹಿತವಾದ ಹೊಂದಿಕೊಳ್ಳುವ ಬಫರ್ ಮೋಡೆಮ್‌ಗೆ ಶತ್ರು. ಅದಕ್ಕೆ ಬೇಕಾದದ್ದು ಉದ್ದವಾಗಿದ್ದರೂ ಸರಿ, ಬದಲಾಗದ ಬಫರ್.

ಅಡಾಪ್ಟರಿನ ಸಂಯೋಜನೆಯ ಪುಟಕ್ಕೆ ಹೋಗಿ. ಕೋಡೆಕ್, ಅಂದರೆ ಸ್ವರವನ್ನು ಅಂಕಿಗಳಾಗಿ ಮಾರ್ಪಡಿಸುವ ವಿಧಾನ, ಜಿ.711 ಎ-ಲಾ ಎಂದೇ ಇರಬೇಕು. ಜಿ.729 ಮನುಷ್ಯನ ದನಿಯ ಮಾದರಿಯನ್ನು ಮಾತ್ರ ಬಲ್ಲದು, 8 ಕಿಲೋಬಿಟ್‌ನಲ್ಲಿ ಮೋಡೆಮ್‌ನ ಸ್ವರ ಉಳಿಯುವುದಿಲ್ಲ; ನಿಮಗೆ 24000 ಸಿಗುತ್ತಿರುವುದರಿಂದ ಅದು ಇಲ್ಲವೆಂಬುದು ಖಚಿತ, ಆದರೂ ಮುಂದೆ ಅದಕ್ಕೆ ಜಾರದಂತೆ ಪಟ್ಟಿಯಿಂದಲೇ ತೆಗೆಯಿರಿ. ಮೌನ ನಿಗ್ರಹವನ್ನು (ಸದ್ದಿಲ್ಲದಾಗ ಪ್ಯಾಕೆಟ್ ಕಳುಹಿಸದಿರುವ ಸೌಲಭ್ಯ) ಮುಚ್ಚಿ. ಜಿಟ್ಟರ್ ಬಫರ್ ಸ್ಥಿರವಾಗಿರಲಿ. ಕಾಲ್ ವೇಟಿಂಗ್ ಇದ್ದರೆ ಅದನ್ನೂ ತೆಗೆಸಿ. ಪ್ರತಿಧ್ವನಿ ನಿವಾರಕವನ್ನು ಉತ್ತರಿಸುವ ಮೋಡೆಮ್‌ನ 2100 ಹರ್ಟ್ಸ್ ಸ್ವರವೇ ಮುಚ್ಚಿಸಬೇಕು. ಆ ಸ್ವರದ ಹಂತ 450 ಮಿಲಿಸೆಕೆಂಡಿಗೊಮ್ಮೆ ತಿರುಗುವುದೇ ಅದಕ್ಕೆ ಸಂಕೇತ. ಎಲ್ಲ ಅಡಾಪ್ಟರುಗಳೂ ಅದನ್ನು ಗೌರವಿಸುವುದಿಲ್ಲವಾದ್ದರಿಂದ ಆ ಪೋರ್ಟಿನಲ್ಲಿ ಕೈಯಿಂದಲೇ ಮುಚ್ಚುವುದು ಕ್ಷೇಮ. ಅಲ್ಲಿ ಯಾರೂ ಮಾತನಾಡುವುದಿಲ್ಲ ತಾನೇ.

ಗಡಿಯಾರದ ವ್ಯತ್ಯಾಸವನ್ನು ಮಾತ್ರ ಯಾವ ಸಂಯೋಜನೆಯಿಂದಲೂ ಅಳಿಸಲಾಗದು. ಅದರೊಂದಿಗೆ ಬದುಕಲು ವೇಗವನ್ನು ಇಳಿಸಿ. 1991ರ ವಿ.32ಬಿಸ್, ಅಂದರೆ 14400, ವಿ.34ರಷ್ಟು ಪೂರ್ತಿ ಪಟ್ಟಿಯನ್ನು ಕೇಳುವುದಿಲ್ಲ ಮತ್ತು ಇಂಥ ಜಿಗಿತವನ್ನು ಸಹಿಸಿಕೊಳ್ಳುವ ಸಾಧ್ಯತೆ ಹೆಚ್ಚು. ತಾಳ ತಪ್ಪಿದರೂ ಬೇಗ ಚೇತರಿಸಿಕೊಳ್ಳುತ್ತದೆ. ಎಟಿ+ಎಂಎಸ್=ವಿ32ಬಿ ಎಂಬ ಆಜ್ಞೆ ಹಲವು ಮೋಡೆಮ್‌ಗಳಲ್ಲಿ ನಡೆಯುತ್ತದೆ, ನಿಮ್ಮದರ ಕೈಪಿಡಿಯನ್ನು ಒಮ್ಮೆ ನೋಡಿಕೊಳ್ಳಿ. ಕರೆ ಮಾಡುವ ತುದಿಯಲ್ಲಿ ಮಿತಿ ಹಾಕಿದರೆ ಸಾಕು, ಆಚೆಯದು ಒಪ್ಪಿಕೊಳ್ಳುತ್ತದೆ. ಜೊತೆಗೆ ಎರಡೂ ಮೋಡೆಮ್‌ಗಳಲ್ಲಿ ಎಸ್10 ರಿಜಿಸ್ಟರಿನ ಬೆಲೆಯನ್ನು ಹೆಚ್ಚಿಸಿ. ಕ್ಯಾರಿಯರ್ ಕಾಣದಾದಾಗ ಎಷ್ಟು ಹೊತ್ತು ಕಾದು ಕರೆ ಕಡಿಯಬೇಕೆಂಬುದನ್ನು ಅದು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತದೆ. 50 ಎಂದರೆ 5 ಸೆಕೆಂಡ್. ನಿಮ್ಮ ಕರೆಗಳು ಕೆಲವೊಮ್ಮೆ ಕಡಿಯುತ್ತಿರುವುದು ಈ ಕಾಯುವಿಕೆ ಸಾಲದ್ದರಿಂದ ಇರಬಹುದು.

56 ಕೆ ಮೋಡೆಮ್ ಕೊಳ್ಳುವ ಆಲೋಚನೆ ಇದ್ದರೆ ಬಿಟ್ಟುಬಿಡಿ. ಆ ವೇಗಕ್ಕೆ ಒಂದು ತುದಿ ನೇರವಾಗಿ ಡಿಜಿಟಲ್ ಜಾಲಕ್ಕೆ ಸೇರಿರಬೇಕು. ಎರಡು ಸಾಮಾನ್ಯ ಮೋಡೆಮ್‌ಗಳ ನಡುವೆ 33600ಕ್ಕಿಂತ ಮೇಲೆ ಹೋಗುವುದು ಸಾಧ್ಯವೇ ಇಲ್ಲ.

ಮಳೆಲೆಕ್ಕ

ಸ್ವರಪಥ ಅವರೇ, ಅಡಾಪ್ಟರಿನ ಕೋಡೆಕ್ ಮೊದಲೇ ಜಿ.711 ಆಗಿತ್ತು. ಮೌನ ನಿಗ್ರಹ ತೆರೆದಿತ್ತು, ಜಿಟ್ಟರ್ ಬಫರ್ ಹೊಂದಿಕೊಳ್ಳುವ ಬಗೆಯದ್ದಾಗಿತ್ತು. ನೀವು ಹೇಳಿದಂತೆ ಎಲ್ಲವನ್ನೂ ಬದಲಿಸಿ, ಇಲ್ಲಿನ ಮೋಡೆಮ್‌ಗೆ 14400ರ ಮಿತಿ ಹಾಕಿದ ಮೇಲೆ ಕರೆ ಕಡಿಯುವುದು ಬಹುತೇಕ ನಿಂತಿದೆ. ಅದೇ ಅಂತರದಲ್ಲಿ ಒಂದು ಕ್ಷಣದ ತಡೆ ಈಗಲೂ ಕಾಣಿಸುತ್ತದೆ, ಆದರೆ ತಾನಾಗಿಯೇ ಮುಂದುವರಿಯುತ್ತದೆ. ಎಸ್ಟೇಟಿನವರಿಗೂ ನನಗೂ ಇದು ದೊಡ್ಡ ನೆಮ್ಮದಿ.

ಇನ್ನೊಂದೇ ಸಂದೇಹ. ಅಪರೂಪಕ್ಕೆ ಕರೆ ಕಡಿದಾಗ, ಮತ್ತೆ ಕರೆ ಮಾಡಿ ಅದೇ ಫೈಲ್ ಕೇಳಿದರೆ ಝಡ್‌ಮೋಡೆಮ್ ನಿಂತಲ್ಲಿಂದ ಮುಂದುವರಿಸುತ್ತಿಲ್ಲ. ಬೇರೆ ಹೆಸರಿನಲ್ಲಿ ಹೊಸ ಫೈಲ್ ತೆರೆದು ಮೊದಲಿನಿಂದ ಆರಂಭಿಸುತ್ತದೆ.

ಉತ್ತರ: ಡಾಸ್‌ಪ್ರಿಯ

ಅದು ಮಿನಿಕಾಮ್‌ನ ಪೂರ್ವನಿಗದಿತ ಸಂಯೋಜನೆಯಿಂದ ಆಗುತ್ತಿದೆ. ಫೈಲ್ ವರ್ಗಾವಣೆಯ ವಿಧಾನಗಳ ಪಟ್ಟಿಯಲ್ಲಿ ಝಡ್‌ಮೋಡೆಮ್ ಪಡೆಯುವ ಸಾಲನ್ನು ತೆರೆದು ನೋಡಿದರೆ ಆರ್‌ಝಡ್ ಪ್ರೋಗ್ರಾಮಿನ ಮುಂದೆ ದೊಡ್ಡಕ್ಷರದ -ಇ ಆಯ್ಕೆ ಕಾಣಿಸುತ್ತದೆ. ಅದೇ ಹೆಸರಿನ ಫೈಲ್ ಇದ್ದರೆ ಹೊಸದಕ್ಕೆ ಬೇರೆ ಹೆಸರು ಕೊಡು ಎಂಬುದು ಅದರ ಅರ್ಥ. ಹಳೆಯ ಫೈಲ್ ಅಳಿದುಹೋಗದಿರಲಿ ಎಂಬ ಒಳ್ಳೆಯ ಉದ್ದೇಶದಿಂದ ಅದನ್ನು ಅಲ್ಲಿ ಇಟ್ಟಿದ್ದಾರೆ. ಅದನ್ನು ತೆಗೆದು ಸಣ್ಣಕ್ಷರದ -ಆರ್ ಹಾಕಿ. ಆಗ ಅರ್ಧ ಬಂದ ಫೈಲ್‌ನ ಉದ್ದವನ್ನು ನೋಡಿ ಅಲ್ಲಿಂದ ಮುಂದಕ್ಕೆ ಕೇಳುತ್ತದೆ. ಒಂದು ಎಚ್ಚರಿಕೆ: ನಡುವೆ ಎಸ್ಟೇಟಿನಲ್ಲಿ ಆ ಜಿಪ್ ಅನ್ನು ಮತ್ತೊಮ್ಮೆ ತಯಾರಿಸಿದ್ದರೆ ಹೆಸರು ಒಂದೇ ಇದ್ದರೂ ಒಳಗಿನದು ಬೇರೆ. ಹಳೆಯ ತಲೆಗೆ ಹೊಸ ಬಾಲ ಅಂಟಿಕೊಂಡು ಫೈಲ್ ಹಾಳಾಗುತ್ತದೆ. ಹೆಸರಿನಲ್ಲೇ ದಿನಾಂಕ ಸೇರಿಸುವ ಪದ್ಧತಿ ಇಟ್ಟುಕೊಳ್ಳಿ, ಬಂದ ಮೇಲೆ ಅನ್‌ಜಿಪ್‌ನ -ಟಿ ಪರೀಕ್ಷೆ ಮಾಡಿಯೇ ಮೂಲವನ್ನು ಅಳಿಸಲು ಹೇಳಿ.

ಇಡೀ ಮಳೆಗಾಲದ ಫೈಲ್‌ಗೆ ಡಾಸ್ ತುದಿಯಲ್ಲಿ ಎಆರ್‌ಜೆ ಎಂಬ ಸಂಕೋಚನ ತಂತ್ರಾಂಶ ಬಳಸಿ ನೋಡಿ. ಅದು ಸಂಕುಚಿತ ಫೈಲನ್ನು ನೀವು ಹೇಳಿದ ಅಳತೆಯ ತುಂಡುಗಳಾಗಿ ಮಾಡಿಕೊಡುತ್ತದೆ, ಲಿನಕ್ಸ್‌ನಲ್ಲಿ ಬಿಚ್ಚಲೂ ಬರುತ್ತದೆ. 14400ರಲ್ಲಿ ಸೆಕೆಂಡಿಗೆ 1700 ಬೈಟ್ ಎಂದು ಹಿಡಿದರೆ 300 ಕಿಲೋಬೈಟ್‌ನ ತುಂಡಿಗೆ ಮೂರು ನಿಮಿಷ ಸಾಕು. ಒಂದು ತುಂಡು ಹಾಳಾದರೂ ಕಳೆಯುವುದು ಅಷ್ಟೇ.

ಮಳೆಗಾಲ ಕಳೆದ ಮೇಲೆ ಮಾಡಬಹುದಾದ ಕೆಲಸವೊಂದನ್ನೂ ಹೇಳಿಬಿಡುತ್ತೇನೆ. ಫೈಬರ್ ಬಂದಿರುವುದರಿಂದ ಧ್ವನಿಯ ದಾರಿಯನ್ನೇ ಬಿಡಬಹುದು. ಐಎಸ್‌ಎ ಸ್ಲಾಟ್ ಖಾಲಿ ಇದ್ದರೆ ಹಳೆಯ ನೆಟ್‌ವರ್ಕ್ ಕಾರ್ಡೊಂದನ್ನು ಹಾಕಿ, ಅದರ ಪ್ಯಾಕೆಟ್ ಡ್ರೈವರಿನ ಮೇಲೆ ಮೈಕೆಲ್ ಬ್ರಟ್‌ಮನ್ ಅವರ ಎಂಟಿಸಿಪಿ ಎಂಬ ಡಾಸ್ ಜಾಲತಂತ್ರಾಂಶ ನಡೆಸಬಹುದು. ಡಾಸ್ ಯಂತ್ರಕ್ಕೆ ಎಫ್‌ಟಿಪಿ, ಅಂದರೆ ಜಾಲದ ಮೂಲಕ ಫೈಲ್ ಸಾಗಿಸುವ ಸೌಲಭ್ಯ ಸಿಗುತ್ತದೆ. ಅಲ್ಲಿ ಜಿಪ್‌ಗೆ ಬೈನರಿ ಮೋಡ್ ಆಯ್ದುಕೊಳ್ಳುವುದನ್ನು ಮರೆಯಬಾರದು, ಆಸ್ಕಿ ಮೋಡ್ ಸಾಲಿನ ಕೊನೆಯ ಅಕ್ಷರಗಳನ್ನು ಬದಲಿಸಿ ಫೈಲನ್ನು ಕೆಡಿಸುತ್ತದೆ. ಎಫ್‌ಟಿಪಿಯಲ್ಲಿ ಗುಪ್ತಪದ ಬಯಲಾಗಿಯೇ ಸಾಗುವುದರಿಂದ ಅದನ್ನು ನೇರವಾಗಿ ಅಂತರಜಾಲಕ್ಕೆ ತೆರೆಯದೆ, ತೋಟದಲ್ಲೇ ಇಟ್ಟ ಸಣ್ಣ ಲಿನಕ್ಸ್ ಪೆಟ್ಟಿಗೆಯೊಂದು ಫೈಲ್ ಪಡೆದು ನಿಮಗೆ ಸುರಕ್ಷಿತ ದಾರಿಯಲ್ಲಿ ಕಳುಹಿಸುವಂತೆ ಮಾಡಿ. ಸ್ಲಾಟ್ ಖಾಲಿ ಇಲ್ಲದಿದ್ದರೆ ಆ ಪೆಟ್ಟಿಗೆಯನ್ನೇ ಸೀರಿಯಲ್ ಪೋರ್ಟಿಗೆ ಮೋಡೆಮ್ ಇದ್ದ ಜಾಗದಲ್ಲಿ ಜೋಡಿಸಬಹುದು. ಆಗ ಪೋರ್ಟನ್ನು 115200ಕ್ಕೆ ಏರಿಸುವ ಮೊದಲು ಆ 486ರಲ್ಲಿರುವ ಸೀರಿಯಲ್ ಚಿಪ್ 16 ಬೈಟ್ ಬಫರ್ ಇರುವ 16550ಎ ಹೌದೇ ಎಂದು ನೋಡಿಕೊಳ್ಳಿ. ಹಳೆಯ 16450 ಆಗಿದ್ದರೆ ಆ ವೇಗದಲ್ಲಿ 87 ಮೈಕ್ರೋಸೆಕೆಂಡಿಗೊಂದು ಬೈಟ್ ಬರುತ್ತದೆ. ನಿಮ್ಮ ಟಿಎಸ್‌ಆರ್ ಅಷ್ಟರಲ್ಲಿ ಸೆನ್ಸರ್ ಓದುತ್ತಿದ್ದರೆ ಬಂದ ಬೈಟ್ ಕಳೆದುಹೋಗುತ್ತದೆ. ಅಂಥದ್ದಾದರೆ 38400ರಲ್ಲೇ ಇರಲಿ, ಮತ್ತು ಈಗ ಹಾಕಿಸಿದ ಆರ್‌ಟಿಎಸ್, ಸಿಟಿಎಸ್ ತಂತಿಗಳು ಆ ಹೊಸ ಜೋಡಣೆಯಲ್ಲೂ ಇರಲಿ.